ಫೋಮ್ ಬೋರ್ಡ್ ಆರ್‌ಸಿ ವಿಮಾನ: ಬಾಲ ಹಗುರವಾಗಿರಲಿ

ಫೋಮ್ ಬೋರ್ಡ್‌ನಲ್ಲಿ ಕಟ್ಟಿದ, ರಿಮೋಟಿನಿಂದ ಹಾರಿಸುವ (ಆರ್‌ಸಿ) ಮೊದಲ ವಿಮಾನ ಬಹಳ ಸಲ ಒಂದೇ ರೀತಿ ಬೀಳುತ್ತದೆ. ಕೈಬಿಟ್ಟ ಕೂಡಲೇ ಮೂಗೆತ್ತುತ್ತದೆ, ಒಂದು ಕ್ಷಣ ನಿಂತಂತಾಗುತ್ತದೆ, ಆಮೇಲೆ ಒಂದು ಬದಿಗೆ ವಾಲಿ ನೆಲ ಸೇರುತ್ತದೆ. ಮೋಟರ್ ಸಾಲಲಿಲ್ಲ ಎಂದುಕೊಂಡು ಇನ್ನೂ ದೊಡ್ಡದನ್ನು ತರುವವರುಂಟು. ಆದರೆ ತಪ್ಪು ಇರುವುದು ಹೆಚ್ಚಾಗಿ ಬಾಲದಲ್ಲಿ. ಅಲ್ಲಿ ಗ್ಲೂ ಜಾಸ್ತಿ, ಟೇಪ್ ಜಾಸ್ತಿ, ಕೆಲವೊಮ್ಮೆ ಸರ್ವೊಗಳೂ (ಬಾಲದ ಅಲುಗುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರ್‌ಗಳು) ಅಲ್ಲೇ. ಕೆಳಗೆ ಕೊಟ್ಟಿರುವ ಅಳತೆಯ ವಿಮಾನದಲ್ಲಿ ತೂಕ ಸಮತೂಗುವ ಬಿಂದುವಿನಿಂದ ಬಾಲ ಸುಮಾರು 45 ಸೆಂ.ಮೀ. ಹಿಂದಿದೆ, ಬ್ಯಾಟರಿ 15 ಸೆಂ.ಮೀ. ಮುಂದಿದೆ. ಹಾಗಾಗಿ ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಅದನ್ನು ಸರಿತೂಗಿಸಲು ಮುಂದೆ 30 ಗ್ರಾಂ ಬೇಕು. ಒಟ್ಟು 40 ಗ್ರಾಂ ದಂಡ. ಕಟ್ಟುವಾಗ ಈ ಲೆಕ್ಕ ತಲೆಯಲ್ಲಿದ್ದರೆ ಉಳಿದ ಎಷ್ಟೋ ತೀರ್ಮಾನಗಳು ತಾವಾಗಿಯೇ ಸರಿಹೋಗುತ್ತವೆ.

ಸಾಮಾನು

ಎರಡೂ ಬದಿ ಕಾಗದವಿರುವ 5 ಮಿ.ಮೀ. ದಪ್ಪದ, ಸುಮಾರು 50×75 ಸೆಂ.ಮೀ. ಹಾಳೆ ತನ್ನಿ. ವಿಮಾನಕ್ಕೆ ಎರಡು ಹಾಳೆ ಸಾಕು. ಮೂರನೆಯದು ರೆಕ್ಕೆಯ ಒಳಪಟ್ಟಿಗೆ ಮತ್ತು ರಿಪೇರಿಗೆ. ಕೊಳ್ಳುವ ಮೊದಲು ಹಾಳೆಯನ್ನು ತೂಗಿ ನೋಡುವುದು ಒಳ್ಳೆಯದು. 110–120 ಗ್ರಾಂ ಇದ್ದರೆ ಚೆನ್ನ, 180 ದಾಟಿದರೆ ಬೇಡ. ಬೋರ್ಡ್ ಬರೆಯುವವರ ಅಂಗಡಿಯ ಸನ್‌ಬೋರ್ಡ್ ನೋಡಲು ಇದರಂತೆಯೇ ಇದ್ದರೂ ಪಿವಿಸಿಯದಾದರೆ ತುಂಬಾ ಭಾರ. ಅದರಲ್ಲಿ ಮೋಟರ್ ಹಿಂದಿನ ಹಲಗೆ ಮಾಡಬಹುದೇ ಹೊರತು ರೆಕ್ಕೆಯನ್ನಲ್ಲ.

2212 ಅಳತೆಯ 1000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕ) ಬ್ರಶ್‌ಲೆಸ್ ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), 10×4.5 ಇಂಚಿನ ಪ್ರೊಪೆಲ್ಲರ್, 3 ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ, 9 ಗ್ರಾಂ ಸರ್ವೊ ಎರಡು (ಏಲರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನ ಅಲುಗುವ ಪಟ್ಟಿ, ಸೇರಿಸುವಾಗ ಇನ್ನೆರಡು), 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ ರಿಮೋಟ್ ಮತ್ತು ರಿಸೀವರ್. ಇದೇ ಮೋಟರ್ 1400 ಕೆವಿಯಲ್ಲೂ ಸಿಗುತ್ತದೆ. ಅದಕ್ಕೆ 10 ಇಂಚಿನ ಪ್ರೊಪೆಲ್ಲರ್ ಹಾಕಬೇಡಿ, ಕರೆಂಟ್ ಏರಿ ಮೋಟರ್ ಅಥವಾ ಇಎಸ್‌ಸಿ ಸುಡುತ್ತದೆ. ಅದಕ್ಕೆ 8 ಇಂಚು ಸಾಕು.

ಹಾರಲು ಸಿದ್ಧವಾದ ತೂಕ 650 ಗ್ರಾಂ ಸುತ್ತಮುತ್ತ ಇರಬೇಕು. ರೆಕ್ಕೆ 100×20 ಸೆಂ.ಮೀ., ಅಂದರೆ 20 ಚದರ ಡೆಸಿಮೀಟರ್. ಪ್ರತಿ ಚದರ ಡೆಸಿಮೀಟರಿಗೆ 32 ಗ್ರಾಂ ಚಿಲ್ಲರೆ ಬರುತ್ತದೆ. 40 ದಾಟಿದರೆ ವಿಮಾನ ಹಾರುತ್ತದೆ, ಆದರೆ ಕಲಿಯುವವರಿಗೆ ಯೋಚಿಸಲು ಸಮಯ ಕೊಡುವುದಿಲ್ಲ.

ಅಂಟಿನ ವಿಷಯದಲ್ಲಿ ಎಚ್ಚರ. ಮಾಮೂಲಿ ಫೆವಿಕ್ವಿಕ್, ಸಾಲ್ವೆಂಟ್ ವಾಸನೆಯ ರಬ್ಬರ್ ಅಂಟು, ಸ್ಪ್ರೇ ಪೇಂಟ್ ಮೂರೂ ಕಾಗದದೊಳಗಿನ ಫೋಮನ್ನು ಕರಗಿಸುತ್ತವೆ. ಹಾಟ್ ಗ್ಲೂ ಗನ್ ಬಳಸಿ. ಗನ್ ತೀರಾ ಕಾದಿದ್ದರೆ ಅದೂ ಫೋಮನ್ನು ಕರಗಿಸುತ್ತದೆ. ತುಂಡಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಗುಳಿ ಬಿದ್ದರೆ ಪ್ಲಗ್ ತೆಗೆದು ಒಂದು ನಿಮಿಷ ಕಾಯಿರಿ. ಅಗಲವಾದ ಜಾಗಕ್ಕೆ ಬಿಳಿ ಫೆವಿಕಾಲ್ ಅನ್ನು ತೆಳುವಾಗಿ ಸವರಿ ರಾತ್ರಿಯಿಡೀ ಪುಸ್ತಕದ ಭಾರ ಇಟ್ಟರೆ ಹಾಟ್ ಗ್ಲೂಗಿಂತ ಹಗುರವಾಗಿಯೂ ಗಟ್ಟಿಯಾಗಿಯೂ ಕೂರುತ್ತದೆ.

ರೆಕ್ಕೆ

ಒಂದು ಹಾಳೆಯಿಂದ 50×36.5 ಸೆಂ.ಮೀ.ನ ಎರಡು ತುಂಡು ಕತ್ತರಿಸಿ. ಪ್ರತಿ ತುಂಡಿನಲ್ಲಿ 20 ಸೆಂ.ಮೀ. ರೆಕ್ಕೆಯ ತಳ, ಉಳಿದ 16.5 ಸೆಂ.ಮೀ. ಮೇಲ್ಮೈ. ಇವೆರಡರ ನಡುವಿನ ಗೆರೆಯೇ ರೆಕ್ಕೆಯ ಮುಂದಿನ ಅಂಚು. ಈ ಗೆರೆಯ ಮೇಲೆ ಒಳಬದಿಯ ಕಾಗದ ಮತ್ತು ಫೋಮನ್ನು ಎರಡೂ ಕಡೆಯಿಂದ 45 ಡಿಗ್ರಿ ಓರೆಯಾಗಿ ಕೊಯ್ದು ವಿ ಆಕಾರದ ಕಾಲುವೆ ಮಾಡಿ. ಹೊರಗಿನ ಕಾಗದ ಕತ್ತರಿಸಬಾರದು, ಅದೇ ಕೀಲು. ಬ್ಲೇಡ್ ಮೊಂಡಾದರೆ ಫೋಮ್ ಕೊಯ್ಯದೆ ಹರಿಯುತ್ತದೆ. ಪ್ರತಿ ಐದಾರು ಗೆರೆಗೆ ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಳ್ಳಿ.

ಮೇಲ್ಮೈ ಬಾಗಲು, ಮುಂದಿನ ಅಂಚಿನಿಂದ 2.5 ಮತ್ತು 6 ಸೆಂ.ಮೀ. ಹಿಂದೆ, ಒಳಬದಿಯಲ್ಲಿ, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಕತ್ತರಿಸುವುದು ಬೇಡ, ಫೋಮ್ ಜಜ್ಜಿದರೆ ಸಾಕು. 2.5 ಸೆಂ.ಮೀ. ಅಗಲದ ಪಟ್ಟಿಗಳನ್ನು ಎರಡೆರಡು ಪದರ ಅಂಟಿಸಿ, ತಳದ ಮೇಲೆ ಅಂಚಿನಿಂದ 6 ಸೆಂ.ಮೀ. ಹಿಂದೆ ಉದ್ದಕ್ಕೂ ಕೂರಿಸಿ. ಇದು ರೆಕ್ಕೆಯ ಬೆನ್ನುಮೂಳೆ. ಎರಡು ಪದರದ 10 ಮಿ.ಮೀ., ಮೇಲೆ ಕೆಳಗೆ ತಲಾ 5, ಒಟ್ಟು 20 ಮಿ.ಮೀ. ದಪ್ಪ. ಈಗ ಮೇಲ್ಮೈಯನ್ನು ಮಡಚಿ ಬೆನ್ನುಮೂಳೆಗೂ ತಳಕ್ಕೂ ಅಂಟಿಸಿ. ಬಾಗಿದ ಮೇಲೆ ಮೇಲ್ಮೈಯ ತುದಿ ತಳದ ಹಿಂದಿನ ಅಂಚಿನಿಂದ ಸುಮಾರು 4.5 ಸೆಂ.ಮೀ. ಮುಂದೆಯೇ ನಿಲ್ಲಬೇಕು, ಹೆಚ್ಚಿದ್ದರೆ ಕತ್ತರಿಸಿ. ಒಂದೇ ಪದರವಾಗಿ ಉಳಿದ ಆ ಪಟ್ಟಿಯಲ್ಲಿ ಮುಂದೆ ಏಲರಾನ್ ಬರುತ್ತದೆ.

ಅಂಟು ಆರುವಾಗ ರೆಕ್ಕೆ ಸಮತಟ್ಟಾದ ಮೇಜಿನ ಮೇಲಿರಲಿ. ಮಂಚದ ಮೇಲೋ ಚಾಪೆಯ ಮೇಲೋ ಆರಿಸಿದ ರೆಕ್ಕೆ ತಿರುಚಿಕೊಳ್ಳುತ್ತದೆ. ಒಂದು ತುದಿ 3 ಮಿ.ಮೀ. ತಿರುಚಿದರೂ ವಿಮಾನ ಸದಾ ಒಂದೇ ಕಡೆ ವಾಲುತ್ತದೆ, ರಿಮೋಟಿನ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಅದನ್ನು ಅರ್ಧ ಮಾತ್ರ ಮುಚ್ಚಿಡುತ್ತದೆ.

ಎರಡು ಅರ್ಧಗಳನ್ನು ಕೂಡಿಸುವಾಗ ಒಂದನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಇನ್ನೊಂದರ ತುದಿಯನ್ನು 9 ಸೆಂ.ಮೀ. ಎತ್ತರಿಸಿ ಅಂಟಿಸಿ. ಪ್ರತಿ ಬದಿಗೂ 5 ಡಿಗ್ರಿ ಏರಿಕೆ ಸಿಗುತ್ತದೆ. ಏಲರಾನ್ ಇಲ್ಲದೆ ಬರೀ ರಡ್ಡರಿನಿಂದ (ನಿಂತ ಬಾಲದ ಅಲುಗುವ ಭಾಗ) ವಿಮಾನ ತಿರುಗುವುದು ಈ ಏರಿಕೆಯಿಂದಲೇ. ಕೂಡುವ ಕಡೆ ಬೆನ್ನುಮೂಳೆಗೆ ತಾಗುವಂತೆ, ಇದೇ ಕೋನಕ್ಕೆ ಕತ್ತರಿಸಿದ 20 ಸೆಂ.ಮೀ. ಉದ್ದದ ತೆಳು ಪ್ಲೈವುಡ್ ಪಟ್ಟಿ ಸೇರಿಸಿ, ಹೊರಗಿನಿಂದ ನಾರಿನ ಟೇಪ್ ಸುತ್ತಿ. ರೆಕ್ಕೆ ಮುರಿಯುವುದಾದರೆ ಮೊದಲು ಇಲ್ಲೇ.

ಮೈ ಮತ್ತು ಬಾಲ

ಎರಡನೇ ಹಾಳೆಯಿಂದ 75 ಸೆಂ.ಮೀ. ಉದ್ದದ ಪೆಟ್ಟಿಗೆ. ಬದಿಗಳು ಮುಂದೆ 9 ಸೆಂ.ಮೀ. ಎತ್ತರ, ರೆಕ್ಕೆಯ ಹಿಂದೆ ಇಳಿಯುತ್ತಾ ಬಾಲದಲ್ಲಿ 4. ತಳ 7 ಸೆಂ.ಮೀ. ಅಗಲ. ರೆಕ್ಕೆಯ ಮುಂದಿನ ಅಂಚು ಮೂತಿಯಿಂದ 18 ಸೆಂ.ಮೀ. ಹಿಂದೆ ಬರಲಿ. ಆ ಅಂಚಿನ ಕೆಳಗೆ ಮಾತ್ರ ಒಂದು ಪದರ ಫೋಮ್ ಇಟ್ಟು ಎತ್ತರಿಸಿದರೆ ರೆಕ್ಕೆಗೆ ಸುಮಾರು ಒಂದೂವರೆ ಡಿಗ್ರಿ ಏರುಕೋನ ಸಿಗುತ್ತದೆ, ಅಷ್ಟು ಸಾಕು. ರೆಕ್ಕೆಯ ಹಿಂದಿನ ಭಾಗದಲ್ಲಿ ಪೆಟ್ಟಿಗೆಯ ಒಳಬದಿಯ ಕಾಗದವನ್ನು ಸ್ವಲ್ಪ ನೀರು ಸವರಿ ಸುಲಿದು ತೆಗೆಯಿರಿ. ಪೆಟ್ಟಿಗೆಯ ಆಕಾರವೇ ಬಲ ಕೊಡುವುದರಿಂದ ಅದಿಲ್ಲದೆ ನಡೆಯುತ್ತದೆ. ಬಾಲದ ಚಪ್ಪಟೆ ತುಂಡುಗಳಲ್ಲಿ ಮಾತ್ರ ಹೀಗೆ ಮಾಡಬೇಡಿ. ಒಂದೇ ಬದಿ ಸುಲಿದ ಹಾಳೆ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಅಡ್ಡ ಬಾಲ 42×12 ಸೆಂ.ಮೀ., ಅದರಲ್ಲಿ ಹಿಂದಿನ 4 ಸೆಂ.ಮೀ. ಎಲಿವೇಟರ್, ಅಂದರೆ ಮೂಗನ್ನು ಏರಿಸಿ ಇಳಿಸುವ ಭಾಗ. ನಿಂತ ಬಾಲ ಸುಮಾರು 180 ಚದರ ಸೆಂ.ಮೀ., ಅದರಲ್ಲಿ 5 ಸೆಂ.ಮೀ. ಅಗಲ ರಡ್ಡರ್. ಕೀಲಿಗೆ ಒಂದು ಬದಿಯ ಕಾಗದ ಉಳಿಸಿ ಕೊಯ್ದು, ಎದುರಿನ ಅಂಚನ್ನು 45 ಡಿಗ್ರಿ ಓರೆ ಮಾಡಿ. ಇಲ್ಲದಿದ್ದರೆ ಎಲಿವೇಟರ್ ಒಂದು ಕಡೆಗೆ ಮಾತ್ರ ಬಾಗುತ್ತದೆ. ಕೀಲಿನ ಕಾಗದದ ಮೇಲೆ ಒಂದು ಪಟ್ಟಿ ಪಾರದರ್ಶಕ ಟೇಪ್ ಹಚ್ಚಿ, ಎರಡು ಬೇಡ.

ಸರ್ವೊಗಳನ್ನು ರೆಕ್ಕೆಯ ಕೆಳಗೇ ಕೂರಿಸಿ, ಬಾಲಕ್ಕೆ ತಂತಿ ಕಳಿಸಿ. 1.2 ಮಿ.ಮೀ. ಉಕ್ಕಿನ ತಂತಿ 45 ಸೆಂ.ಮೀ. ಉದ್ದಕ್ಕೆ 4 ಗ್ರಾಂ, ಸೈಕಲ್ ಚಕ್ರದ 2 ಮಿ.ಮೀ. ಕಡ್ಡಿ 11 ಗ್ರಾಂ. ತೆಳು ತಂತಿ ಎಳೆಯುವಾಗ ಸರಿ, ತಳ್ಳುವಾಗ ಬಿಲ್ಲಿನಂತೆ ಬಾಗುತ್ತದೆ. ಆಗ ಸರ್ವೊ ತಿರುಗಿದರೂ ಎಲಿವೇಟರ್ ಅಲುಗುವುದಿಲ್ಲ, ನೆಲದ ಮೇಲೆ ಗೊತ್ತಾಗದ ಈ ದೋಷ ವೇಗದಲ್ಲಿ ಹೊರಬೀಳುತ್ತದೆ. ಪ್ರತಿ 12 ಸೆಂ.ಮೀ.ಗೆ ಜ್ಯೂಸ್ ಸ್ಟ್ರಾದ ತುಂಡನ್ನು ಮೈಗೆ ಅಂಟಿಸಿ ಅದರೊಳಗೆ ತಂತಿ ಹಾಯಿಸಿ. ತಂತಿ ಸಿಕ್ಕಿಸಲು ಎಲಿವೇಟರ್, ರಡ್ಡರಿಗೆ ಅಂಟಿಸುವ ಹಾರ್ನ್‌ಗಳಿಗೆ ಅವಧಿ ಮುಗಿದ ಎಟಿಎಂ ಕಾರ್ಡ್ ಚೆನ್ನಾಗಿ ಆಗುತ್ತದೆ. ಸರ್ವೊ ತೋಳು ಹಾಕುವ ಮೊದಲು ರಿಸೀವರಿಗೆ ಜೋಡಿಸಿ, ಟ್ರಿಮ್ ಶೂನ್ಯಕ್ಕಿಟ್ಟು ಸರ್ವೊ ನಡುವಿಗೆ ಬರಲು ಬಿಡಿ.

ಮೋಟರ್

ಮೂತಿಗೆ 3 ಮಿ.ಮೀ. ಪ್ಲೈವುಡ್ ಹಲಗೆ ಅಂಟಿಸಿ, ಬದಿಯಿಂದ ನಾಲ್ಕು ಬಿದಿರು ಕಡ್ಡಿ ಚುಚ್ಚಿ ಭದ್ರ ಮಾಡಿ. ಮೋಟರ್ ನೇರ ಮುಂದೆ ನೋಡಬಾರದು. ಹಿಂದಿನಿಂದ ನೋಡಿದರೆ ಬಲಕ್ಕೆ 2–3 ಡಿಗ್ರಿ, ಕೆಳಕ್ಕೆ 2–3 ಡಿಗ್ರಿ ವಾಲಿರಬೇಕು. ತೂತುಗಳ ನಡುವೆ 3.5 ಸೆಂ.ಮೀ. ಇರುವ ಮೌಂಟಿಗೆ ಎಡಗಡೆ ಸುಮಾರು 1.8 ಮಿ.ಮೀ. ವಾಷರ್ ಇಟ್ಟರೆ ಬಲಕ್ಕೆ 3 ಡಿಗ್ರಿ ಆಗುತ್ತದೆ. ಇಳಿಕೋನಕ್ಕೆ ಮೇಲ್ಗಡೆಯೂ ಅಷ್ಟೇ. ಇದನ್ನು ಬಿಟ್ಟರೆ ಥ್ರಾಟಲ್ (ಮೋಟರಿನ ವೇಗ) ಏರಿಸಿದಾಗಲೆಲ್ಲ ವಿಮಾನ ಎಡಕ್ಕೆ ಎಳೆದು ಮೂಗೆತ್ತುತ್ತದೆ.

ಮೋಟರ್ ತಿರುಗುಮುರುಗಾಗಿ ಓಡಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಪ್ರೊಪೆಲ್ಲರಿನ ಅಂಕಿಗಳಿರುವ ಮುಖ ಮುಂದಕ್ಕಿರಲಿ. ಹಿಂದುಮುಂದಾಗಿ ಹಾಕಿದರೂ ಗಾಳಿ ಬರುತ್ತದೆ, ಆದರೆ ವಿಮಾನ ಮೇಲೇಳುವಷ್ಟಲ್ಲ. ಮನೆಯೊಳಗಿನ ಎಲ್ಲ ಪರೀಕ್ಷೆಯೂ ಪ್ರೊಪೆಲ್ಲರ್ ಬಿಚ್ಚಿಟ್ಟೇ ನಡೆಯಲಿ.

ತೂಕದ ಬಿಂದು

ರೆಕ್ಕೆಯನ್ನು ಎಂಟು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಕೊನೆಯ ಎರಡು ಅಡ್ಡಡ್ಡ ಇರಲಿ. ಬ್ಯಾಟರಿ ಒಳಗಿಟ್ಟು, ರೆಕ್ಕೆಯ ಕೆಳಗೆ ಮುಂದಿನ ಅಂಚಿನಿಂದ 5.5 ಸೆಂ.ಮೀ. ಹಿಂದೆ ಎರಡೂ ಬದಿ ಬೆರಳಿಟ್ಟು ಎತ್ತಿ. ಮೂಗು ಒಂಚೂರು ಕೆಳಗಿರಬೇಕು. ಬಾಲ ಇಳಿದರೆ ಮೊದಲು ಬ್ಯಾಟರಿಯನ್ನು ಮುಂದೆ ಸರಿಸಿ, ಸೀಸವೋ ನಾಣ್ಯವೋ ಆಮೇಲೆ. 5ರಿಂದ 6 ಸೆಂ.ಮೀ. ನಡುವೆ ಎಲ್ಲಿದ್ದರೂ ಹಾರುತ್ತದೆ. 7ಕ್ಕೆ ಹೋದರೆ ಹಾರಿಸಲೇಬೇಡಿ.

ಎಲಿವೇಟರ್ ಮೇಲೆ ಕೆಳಗೆ 12 ಮಿ.ಮೀ., ರಡ್ಡರ್ 25 ಮಿ.ಮೀ., ಎಕ್ಸ್‌ಪೊ (ಸ್ಟಿಕ್ ನಡುವಿನಲ್ಲಿರುವಾಗ ಚಲನೆಯನ್ನು ಮೃದುಗೊಳಿಸುವ ರಿಮೋಟ್ ಸೆಟ್ಟಿಂಗ್) 30 ಶೇಕಡಾ. ಸ್ಟಿಕ್ ನಿಮ್ಮತ್ತ ಎಳೆದಾಗ ಎಲಿವೇಟರ್ ಮೇಲೇಳಬೇಕು. ಬಲಕ್ಕೆ ತಳ್ಳಿದಾಗ ರಡ್ಡರ್ ಬಲಕ್ಕೆ. ಇದನ್ನು ಪ್ರತಿ ಹಾರಾಟಕ್ಕೂ ಮುನ್ನ ವಿಮಾನದ ಹಿಂದೆ ನಿಂತು ನೋಡಿ.

ಮೊದಲ ಹಾರಾಟ

ಭಾರತದಲ್ಲಾದರೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಹಾರಾಟಕ್ಕಾಗಿ ಸರ್ಕಾರದ ವಾಯುಪ್ರದೇಶ ನಕ್ಷೆ) ಜಾಗ ಯಾವ ವಲಯದಲ್ಲಿದೆ ನೋಡಿಕೊಳ್ಳಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಯ ವಿಮಾನ ನೆಲೆಗಳು ಸುತ್ತುವರಿದ ಬೆಂಗಳೂರಿನಲ್ಲಿ ಮನೆ ಪಕ್ಕದ ಮೈದಾನ ಹಸಿರು ವಲಯ (ಮುಂಚಿತ ಅನುಮತಿ ಬೇಡದ ಜಾಗ) ಎಂದು ಊಹಿಸಿಕೊಳ್ಳಬೇಡಿ. ಕೊಯ್ಲಾದ ಹೊಲ, ಬೆಳಗಿನ ಏಳು ಗಂಟೆ, ಹುಲ್ಲಿನ ತುದಿ ಅಲುಗದ ಗಾಳಿ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಆಷಾಢದ ಗಾಳಿಯಲ್ಲಿ 650 ಗ್ರಾಂ ವಿಮಾನವನ್ನು ಕಲಿಯಲು ಎತ್ತಬೇಡಿ.

ಗಾಳಿಗೆ ಎದುರಾಗಿ ನಿಂತು, ಮುಕ್ಕಾಲು ಥ್ರಾಟಲ್ ಕೊಟ್ಟು, ನೆಲಕ್ಕೆ ಸಮನಾಗಿ ದೂಡಿ. ಆಕಾಶಕ್ಕೆ ಎಸೆದರೆ ವೇಗ ಬರುವ ಮೊದಲೇ ರೆಕ್ಕೆ ಸೋಲುತ್ತದೆ. ಎಸೆಯುವವರು ಬೇರೆ, ರಿಮೋಟ್ ಹಿಡಿಯುವವರು ಬೇರೆ ಇದ್ದರೆ ಒಳ್ಳೆಯದು. ಮೂರು ಮರದೆತ್ತರಕ್ಕೆ ಹೋಗುವವರೆಗೆ ತಿರುಗಿಸದೆ, ಆಮೇಲೆ ಥ್ರಾಟಲ್ ಅರ್ಧಕ್ಕಿಳಿಸಿ ಟ್ರಿಮ್ ಮಾಡಿ. ಟೈಮರ್ 7 ನಿಮಿಷಕ್ಕಿಡಿ. ಸೆಲ್ಲಿಗೆ 3.5 ವೋಲ್ಟ್ ಬರುವಷ್ಟರಲ್ಲಿ ವಿಮಾನ ಕೆಳಗಿರಬೇಕು. ಚಾರ್ಜ್ 2.2 ಆಂಪಿಯರಿನಲ್ಲಿ, ಎದುರಿಗೇ ಕುಳಿತು. ಕೆಲದಿನ ಬಳಸದಿದ್ದರೆ ಸೆಲ್ಲಿಗೆ 3.8 ವೋಲ್ಟ್‌ನಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಮಾರ್ಪಾಡು

ಕೈ ಕುದುರಿದ ಮೇಲೆ ಮೊದಲ ಬದಲಾವಣೆ ಏಲರಾನ್. ಹಳೆಯ ರೆಕ್ಕೆಯನ್ನೇ ಕೊಯ್ಯುವ ಬದಲು ಇನ್ನೊಂದು ರೆಕ್ಕೆ ಕಟ್ಟಿ, ರಬ್ಬರ್ ಬ್ಯಾಂಡ್ ಇರುವುದೇ ಅದಕ್ಕೆ. 5 ಡಿಗ್ರಿ ಏರಿಕೆಯ ರೆಕ್ಕೆ ಏಲರಾನಿನೊಂದಿಗೆ ಜಗ್ಗಾಡುತ್ತದೆ. ಹೊಸದರಲ್ಲಿ ತುದಿಯನ್ನು 3.5 ಸೆಂ.ಮೀ. ಮಾತ್ರ ಎತ್ತರಿಸಿ. ಹಿಂದಿನ 4.5 ಸೆಂ.ಮೀ. ಪಟ್ಟಿಯಲ್ಲಿ ತುದಿಯ ಕಡೆಗೆ 25 ಸೆಂ.ಮೀ. ಉದ್ದ ಬಿಡಿಸಿ. ಸರ್ವೊಗಳನ್ನು ಎರಡು ಬೇರೆ ಚಾನೆಲ್‌ಗೆ ಹಾಕಿ, ಮೇಲಕ್ಕೆ 12 ಮಿ.ಮೀ., ಕೆಳಕ್ಕೆ 7 ಮಿ.ಮೀ. ಚಲನೆ ಕೊಡಿ. ಕೆಳಗಿಳಿದ ಏಲರಾನ್ ಗಾಳಿಯನ್ನು ಹೆಚ್ಚು ತಡೆದು ಮೂಗನ್ನು ತಿರುವಿನ ಎದುರು ದಿಕ್ಕಿಗೆ ಎಳೆಯುವುದರಿಂದ ಈ ವ್ಯತ್ಯಾಸ ಬೇಕು.

ಚಕ್ರ ಬೇಕೆನ್ನಿಸಿದರೆ ತಂತಿ, ಚಕ್ರ, ಹಲಗೆ ಸೇರಿ 60 ಗ್ರಾಂ ಹತ್ತಿರ ಏರುತ್ತದೆ ಎಂಬುದು ನೆನಪಿರಲಿ. ಹುಲ್ಲುನೆಲದಲ್ಲಿ ಹೊಟ್ಟೆಯ ಮೇಲೆ ಇಳಿಸುವುದೇ ಮೇಲು, ಹೊಟ್ಟೆಗೆ ಪ್ಯಾಕಿಂಗ್ ಟೇಪ್ ಹಚ್ಚಿದರೆ ಇಬ್ಬನಿಗೂ ಕಾಗದ ಏಳುವುದಿಲ್ಲ. ಮೂತಿ ಜಜ್ಜಿದರೆ ಆ ತುಂಡನ್ನು ಕತ್ತರಿಸಿ ಹೊಸದು ಕೂರಿಸಿ. ಬಾಲ ಮುರಿದರೆ ಗ್ಲೂ ಸುರಿದು ಕೂಡಿಸಬೇಡಿ, ಅದೇ ಅಳತೆಯಲ್ಲಿ ಹೊಸ ಬಾಲ ಕತ್ತರಿಸಿ, ಮತ್ತೆ 5.5 ಸೆಂ.ಮೀ. ಗುರುತಿನಲ್ಲಿ ಬೆರಳಿಟ್ಟು ಎತ್ತಿ ನೋಡಿ.