ಓದಲ್ಲ ಅಂತ ಹಠ ಹಿಡಿಯುವ ಮಗುವಿಗೆ ಮನೆಯಲ್ಲೇ ಓದು ಕಲಿಸುವುದು

49 ಅಕ್ಷರಗಳನ್ನೂ ಬಾಯಿಪಾಠ ಮಾಡಿಸಿದ ಮೇಲೇ ಪದ ಓದಿಸಬೇಕು ಅಂತೇನೂ ಇಲ್ಲ. ಅಷ್ಟು ದಿನ ಬರೀ ಅಕ್ಷರ ತಿದ್ದಿಸಿದರೆ ಯಾವ ಮಗುವಿಗಾದರೂ ಬೇಜಾರಾಗುತ್ತದೆ, ಅಲ್ವಾ? ರ, ಗ, ಸ, ದ, ಅ ಇಷ್ಟು ಗುರುತು ಸಿಕ್ಕರೆ ಸಾಕು, ಸರ, ಅಗಸ, ಅರಸ, ಗರಗಸ ಎಲ್ಲವನ್ನೂ ಮಗು ತಾನೇ ಓದಿಬಿಡುತ್ತದೆ, ಆ ಖುಷಿಯೇ ಮುಂದಕ್ಕೆ ಎಳೆಯುತ್ತದೆ. ಚೀಟಿಗಳ ಮೇಲೆ ಒಂದೊಂದೇ ಅಕ್ಷರ ಬರೆದು ನೆಲದ ಮೇಲೆ ಹರಡಿ, ಪದ ಜೋಡಿಸುವ ಆಟ ಆಡಿಸಿ. ಅರ್ಥವಿಲ್ಲದ ಪದ ಜೋಡಿಸಿದರೂ ಓದಿಸಿ, ನಗು ಬರುತ್ತದೆ, ಓದೂ ಬರುತ್ತದೆ.

ಕಾಗುಣಿತವನ್ನು ಒಟ್ಟಿಗೆ ಹೇರಬೇಡಿ. ಮೊದಲು ದೀರ್ಘ ಮಾತ್ರ: ಸರ, ಸಾರ, ದರ, ದಾರ. ಎರಡನ್ನೂ ಪಕ್ಕಪಕ್ಕ ಇಟ್ಟು ಜೋರಾಗಿ ಹೇಳಿಸಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಒತ್ತಕ್ಷರ ಕೊನೆಗೆ. ಅದರಲ್ಲೂ ಅಕ್ಕ, ಅಪ್ಪ, ಅಜ್ಜ ಥರದವು ಮೊದಲು.

ದಿನಕ್ಕೆ ಹತ್ತು ನಿಮಿಷ ಸಾಕು, ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಬಹುಮಾನದ ಆಸೆ ತೋರಿಸುವುದು ನನಗಂತೂ ಇಷ್ಟವಿಲ್ಲ, ಆಮೇಲೆ ಓದಿಗಿಂತ ಚಾಕೊಲೇಟೇ ಜಾಸ್ತಿ ಮುಖ್ಯ ಆಗುತ್ತದೆ. ಮಲಗುವಾಗ ಕಥೆ ಮಾತ್ರ ನೀವೇ ಓದಿ ಹೇಳಿ, ಆಗ ಪಾಠ ಬೇಡ. ಎಷ್ಟು ಆಡಿಸಿದರೂ ಅಕ್ಷರ ನೋಡಲು ಕಣ್ಣು ಕಿರಿದು ಮಾಡುತ್ತಿದ್ದರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.