ಓಣಿಗೆ ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆ: ದುಡ್ಡು ಯಾವ ಬಾಬ್ತಿನಿಂದ?

1. ರಸ್ತೆ ಯಾರದೆಂದು ನೋಡಿ

ಊರೊಳಗಿನ ಓಣಿ, ಕೇರಿಗಳು ಗ್ರಾಮ ಪಂಚಾಯಿತಿಯವು. ಊರಿಂದೂರಿಗೆ ಹೋಗುವ ದಾರಿ ಬಹುಪಾಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಪಟ್ಟಿಯಲ್ಲಿರುತ್ತದೆ. ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇರುವುದು ಊರಿಗೆ ದಾರಿ ಮಾಡಲು. ಒಳ ಓಣಿಗೆ ಅದನ್ನು ನೆಚ್ಚಬೇಡಿ. ಬೇರೆ ಇಲಾಖೆಯ ರಸ್ತೆಗೆ ಪಂಚಾಯಿತಿ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬೀಳುತ್ತದೆ.

2. ಅಂದಾಜು ಪಟ್ಟಿ ಮಾಡಿಸಿ

ಕಿರಿಯ ಎಂಜಿನಿಯರ್ ಟೇಪು ಹಿಡಿದು ಅಳೆಯುವಾಗ ವಾರ್ಡಿನ ಸದಸ್ಯರೂ ಜೊತೆಗಿರಲಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಎಂ-20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲದಂತೆ 360 ಚೀಲ ಸಿಮೆಂಟು. ಕೆಳಗೆ 10 ಸೆಂ.ಮೀ. ದಪ್ಪದ 1:4:8 (ಸಿಮೆಂಟು, ಮರಳು, ಜಲ್ಲಿ) ಬೆಡ್ ಹಾಕಿದರೆ ಇನ್ನೂ 30 ಘನ ಮೀಟರ್. ಇದಕ್ಕೆ ಎಸ್.ಆರ್. (ಸರ್ಕಾರಿ ದರಪಟ್ಟಿ) ದರ ಹಚ್ಚಿ, ಜಿಎಸ್‌ಟಿ ಮತ್ತು ಶೇ 1ರ ಕಾರ್ಮಿಕ ಸೆಸ್ ಸೇರಿಸಿದರೆ ಮೊತ್ತ ಸಿಗುತ್ತದೆ.

ಎಡವುವುದು ಅಗೆತದ ಲೆಕ್ಕದಲ್ಲಿ. ಖರ್ಚು ಉಳಿಸಲೆಂದು ಹಳೆಯ ಕಾಂಕ್ರೀಟಿನ ಮೇಲೇ ಹೊಸದನ್ನು ಸುರಿದರೆ ರಸ್ತೆ ಅರ್ಧ ಅಡಿ ಏರುತ್ತದೆ. ಹೊಸಿಲು ತಗ್ಗಾಗಿ, ಮೊದಲ ಮಳೆಗೇ ನೀರು ನಡುಮನೆಗೆ ಬರುತ್ತದೆ. ಹಳೆಯದನ್ನು ಕಿತ್ತು ಸಾಗಿಸುವ ಖರ್ಚು ಅಂದಾಜಿನಲ್ಲಿರಲೇಬೇಕು.

3. ಬಾಬ್ತು ಹಂಚಿ

ಇಡೀ ಕೆಲಸದ ಜಾಣತನವೆಲ್ಲ ಇಲ್ಲಿ. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ಮಾದರಿಯಾಗಿ ತೆಗೆದುಕೊಳ್ಳಿ. ಅದರಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಮಿಕ್ಕ ಶೇ 40 ಅನಿರ್ಬಂಧಿತ. ಪಂಚಾಯಿತಿಗೆ 40 ಲಕ್ಷ ಬಂತೆನ್ನಿ, ರಸ್ತೆಗೆ ಕೈ ಹಾಕಲು ಸಿಗುವುದು 16 ಲಕ್ಷ ಮಾತ್ರ. ಬೀದಿದೀಪ, ಅಂಗನವಾಡಿ ರಿಪೇರಿಯೂ ಅದರಲ್ಲೇ ಆಗಬೇಕು.

ಹಾಗಾಗಿ ರಸ್ತೆಯ ಖರ್ಚಿಗೆ ಚರಂಡಿಯನ್ನು ಅಂಟಿಸಬೇಡಿ. ಬಚ್ಚಲ ನೀರಿನ ಚರಂಡಿ, ಇಂಗುಗುಂಡಿಗಳನ್ನು ನೈರ್ಮಲ್ಯದ ಬಾಬ್ತಿನಲ್ಲಿ, ನಲ್ಲಿ ಪೈಪು ಬದಲಿಸುವುದನ್ನು ನೀರಿನ ಬಾಬ್ತಿನಲ್ಲಿ ಪ್ರತ್ಯೇಕ ಕಾಮಗಾರಿಯಾಗಿ ತೋರಿಸಿ. ಕಾಂಕ್ರೀಟಿಗಷ್ಟೇ ಅನಿರ್ಬಂಧಿತ ಹಣ. ಕೆಲಸದ ಸರದಿಯೂ ಹಾಗೇ ಇರಲಿ: ಪೈಪು, ಚರಂಡಿ, ಆಮೇಲೆ ರಸ್ತೆ. ಜಲ ಜೀವನ್ ಮಿಷನ್ ಪೈಪಿಗಾಗಿ ಹೊಸ ರಸ್ತೆಯ ನಡುವೆ ಕಟರ್ ಓಡಿಸಿದ್ದನ್ನು ನೋಡದ ಊರು ಕಡಿಮೆ.

ಪರಿಶಿಷ್ಟರ ಕಾಲೊನಿಯಾದರೆ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ, ಬುಡಕಟ್ಟು ಉಪಯೋಜನೆ) ಕಾಯ್ದೆಯಡಿಯ ಅನುದಾನಕ್ಕೆ ಬೇಡಿಕೆ ಕೊಡಿ. ಶಾಸಕರ, ಸಂಸದರ ನಿಧಿಗೆ ಅವರ ಶಿಫಾರಸು ಪತ್ರವೊಂದೇ ಸಾಲದು, ಜಿಲ್ಲಾಡಳಿತದ ಮಂಜೂರಾತಿಯೂ ಬೇಕು. ನರೇಗಾ ಸಾಮಗ್ರಿ ವೆಚ್ಚವನ್ನು ಶೇ 40ಕ್ಕೆ ಕಟ್ಟಿಹಾಕಿದ್ದರಿಂದ, ಸಿಮೆಂಟು ಜಲ್ಲಿಯೇ ಮುಖ್ಯವಾದ ಕಾಂಕ್ರೀಟಿಗಿಂತ ಮಣ್ಣು ಕೆಲಸದ ಹೊಲದ ದಾರಿಗೇ ಅದು ಒಗ್ಗುತ್ತಿತ್ತು. ಮನೆ ಕಂದಾಯದ ಹಣವನ್ನು ರಿಪೇರಿಗೆ ಉಳಿಸಿಕೊಳ್ಳುವುದು ಲೇಸು.

ಒಂದೇ ಅಳತೆಗೆ ಎರಡು ಬಾಬ್ತಿನಲ್ಲಿ ಬಿಲ್ ಆಗದಂತೆ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಕಾಮಗಾರಿಯ ಹೆಸರಲ್ಲೇ ಗಡಿ ಬರೆಯಿರಿ.

4. ಸಭೆಯಲ್ಲಿ ಪಾಸು ಮಾಡಿಸಿ

ವಾರ್ಡ್ ಸಭೆಯ ಬೇಡಿಕೆ ಗ್ರಾಮಸಭೆಗೆ, ಅಲ್ಲಿಂದ ವಾರ್ಷಿಕ ಕ್ರಿಯಾಯೋಜನೆಗೆ. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಆಮೇಲೆ ದುಡ್ಡು ಹುಟ್ಟುವುದು ಕಷ್ಟ. ಇಲ್ಲಿ ಹಳೆಯ ರೋಗವೊಂದಿದೆ: ಬಂದ ಹಣವನ್ನು ಸದಸ್ಯರು ತಲೆಗಿಷ್ಟೆಂದು ಹಂಚಿಕೊಳ್ಳುವುದು. ಎಲ್ಲ ವಾರ್ಡಿಗೂ 20 ಮೀಟರ್ ರಸ್ತೆ. ಯಾವ ಓಣಿಯೂ ತುದಿ ಮುಟ್ಟುವುದಿಲ್ಲ, ಕಾಂಕ್ರೀಟ್ ಮುಗಿದ ಅಂಚಿನಲ್ಲಿ ನೀರು ನಿಂತು ಕೊರೆಯುತ್ತದೆ. ಈ ವರ್ಷ ಎರಡು ಓಣಿ ಪೂರ್ತಿ, ಮುಂದಿನ ವರ್ಷ ಇನ್ನೆರಡು ಎಂದು ಸರದಿ ಬರೆದು ಠರಾವು ಮಾಡಿ.

5. ಮಂಜೂರಾತಿಯಿಂದ ಬಿಲ್‌ವರೆಗೆ

ತಾಂತ್ರಿಕ ಮಂಜೂರಾತಿ, ಕೆಟಿಪಿಪಿ (ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ) ಕಾಯ್ದೆಯಂತೆ ಟೆಂಡರ್, ಕಾರ್ಯಾದೇಶ, ಕೆಲಸ, ಎಂ.ಬಿ. (ಅಳತೆ ಪುಸ್ತಕ) ದಾಖಲೆ, ಬಿಲ್. ಆಯೋಗದ ಹಣವಾದರೆ ಅಧ್ಯಕ್ಷರ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಡಿಜಿಟಲ್ ಸಹಿ ಎರಡೂ ಬಿದ್ದ ಮೇಲೇ ಪಾವತಿ.

ಎಂ.ಬಿ.ಯಲ್ಲಿ ಬೆಡ್ಡಿನ ಅಳತೆ ಮೇಲಿನ ಕಾಂಕ್ರೀಟ್ ಸುರಿಯುವ ಮೊದಲೇ ದಾಖಲಾಗಬೇಕು. ಮುಚ್ಚಿದ ಮೇಲೆ ಅಳೆಯುವುದೆಲ್ಲಿ? ದಪ್ಪವನ್ನು ಅಂಚಿನಲ್ಲಷ್ಟೇ ನೋಡಿದರೆ ಮೋಸ: ನಡುವೆ ಮಣ್ಣು ಉಬ್ಬಿಸಿ 10 ಸೆಂ.ಮೀ.ಗೇ ಮುಗಿಸಿರುತ್ತಾರೆ. ಸುರಿಯುವ ಮುಂಚೆ ಎರಡೂ ಬದಿಯ ಶಟರಿಂಗ್ ಹಲಗೆಗೆ ಅಡ್ಡ ದಾರ ಎಳೆದು, ನಡುಮಧ್ಯದಲ್ಲಿ ದಾರದಿಂದ ಬೆಡ್ಡಿಗೆ ಅಳೆಯಿರಿ. ಸುಮಾರು 4 ಮೀಟರಿಗೊಂದು ಜಾಯಿಂಟ್, 14 ದಿನ ಗೋಣಿಚೀಲ ಹೊದಿಸಿ ನೀರುಣಿಸುವುದು, ಇವೆರಡೂ ಆಗಿವೆಯೇ ಎಂದು ನೋಡಿಯೇ ಕೊನೆಯ ಬಿಲ್‌ಗೆ ಸಹಿ ಹಾಕಿ.