ನೆಲ ಉಬ್ಬಿದ್ದೋ, ಗಿಲಾವ್ ಊದಿದ್ದೋ: ಎರಿ ನೆಲದ ಮನೆ ರಿಪೇರಿಯಲ್ಲಿ ನನ್ನ ಅನುಭವ

ವಿಜಯಪುರ, ಬಾಗಲಕೋಟೆ ಕಡೆ ಎರಿ (ಕಪ್ಪು ಹತ್ತಿ ಮಣ್ಣಿನ) ನೆಲದ ಮನೆ ಬಿರುಕು ಬಿಟ್ಟರೆ ಗೌಂಡಿ ಮೊದಲು ಕೇಳುವುದು ಸಿಮೆಂಟ್ ಎಷ್ಟು ಚೀಲ ತರಿಸಲಿ ಅಂತ. ನಾನು ಮೊದಲು ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳುತ್ತೇನೆ: "ಏನಾಗೇತ್ರಿ ಅವ್ವಾರ, ನಿಮ್ಮ ಮಾತಿನ್ಯಾಗ ಹೇಳ್ರಿ." ನೆಲ ಉಬ್ಬೇತಿ, ಗಿಲಾವ್ (ಗೋಡೆಯ ಪ್ಲಾಸ್ಟರ್) ಊದೇತಿ, ಬಾಗಲಾ ಬಾತುಕೊಂಡೇತಿ, ಗ್ವಾಡ್ಯಾಗ ಸುಣ್ಣ ಅರಳೇತಿ. ಅವರು ಆರಿಸುವ ಮಾತಿನಲ್ಲೇ ಅರ್ಧ ತಪಾಸಣೆ ಮುಗಿದಿರುತ್ತದೆ. ಇದಕ್ಕೆ ನಕ್ಕವರು ಬಹಳ ಮಂದಿ. ಈಗ ಅವರೇ ಬಿರುಕಿನ ಫೋಟೋ ಕಳಿಸಿ "ಇದು ಉಬ್ಬೋ, ಊದೋ?" ಅಂತ ಕೇಳುತ್ತಾರೆ. ವರದಿಯಲ್ಲಿ ಎಲ್ಲಕ್ಕೂ 'ಹಿಗ್ಗುವಿಕೆ' ಅಂತ ಬರೆದರೆ ಎಸ್ಟಿಮೇಟೂ ಒಂದೇ ಆಗುತ್ತದೆ. ದುಡ್ಡು ಹಾಳಾಗುವುದು ಅಲ್ಲೇ.

ಉಬ್ಬುವುದು ಕೆಳಗಿನ ಮಣ್ಣು. ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಬಡಿದು, ನಡುವಿನ ಅಂತರವನ್ನು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಮಳೆ ಮುಗಿದ ಮೇಲೊಮ್ಮೆ ವರ್ನಿಯರ್‌ನಿಂದ ಅಳೆಯಿರಿ. ಬೇಸಿಗೆಗೆ ಬಾಯಿಬಿಟ್ಟು ಮಳೆಗಾಲಕ್ಕೆ ಮುಚ್ಚಿಕೊಂಡರೆ ಅದು ಮಣ್ಣಿನದೇ ಕೆಲಸ. ಅಂಥ ಬಿರುಕಿಗೆ ಮೇ ತಿಂಗಳಲ್ಲಿ ಗಟ್ಟಿ ಸಿಮೆಂಟ್ ತುಂಬಿಸಿದ ಮನೆಗಳು ಎಷ್ಟೋ. ಮಳೆಗೆ ಗೋಡೆ ಮತ್ತೆ ಕೂಡಲು ಬಂದಾಗ ಆ ಸಿಮೆಂಟು ಬೆಣೆಯಾಗಿ ನಿಂತು, ಗೇಣು ದೂರದಲ್ಲಿ ಹೊಸ ಬಿರುಕು ಹುಟ್ಟಿಸುತ್ತದೆ.

ಬಚ್ಚಲು, ಸಂಡಾಸದ ಹತ್ತಿರ ಮಾತ್ರ ಫರಶಿ ಎದ್ದಿದ್ದರೆ ಮಳೆಯನ್ನು ಬೈಯಬೇಡಿ, ಪೈಪ್ ನೋಡಿ. ಚೇಂಬರಿನ ಬಾಯಿ ಬಂದ್ ಮಾಡಿ, ನೀರು ತುಂಬಿ, ಗುರುತು ಹಾಕಿ, ರಾತ್ರಿ ಬಿಡಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಮೊದಲ ಖರ್ಚು ಅಲ್ಲಿಗೇ. ಆಮೇಲೆ ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ, ಅಡಿಯಷ್ಟು ಎರಿ ತೆಗೆದು, ಗರಸನ್ನು (ಮೊರಮ್ ಮಣ್ಣನ್ನು) ಆರಾರು ಇಂಚಿನ ಪದರಾಗಿ ನೀರು ಹಾಕಿ ಧಮ್ಮಸ್ ಮಾಡಿಸುವುದು. ಮೇಲೆ ದಪ್ಪ ಪಾಲಿಥೀನ್, ಅದರ ಮೇಲೆ ಮೂರು ಇಂಚು ಕಾಂಕ್ರೀಟ್, ಹೊರಗೆ ಇಳಿಜಾರು. ಗೋಡೆಗೆ ಅಂಟಿಸಬಾರದು, ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬಬೇಕು. 30×40 ಮನೆಗೆ ಎಂಬತ್ತು-ತೊಂಬತ್ತು ಸಾವಿರದ ಆಸುಪಾಸು ಬಿತ್ತು. ಪಾಯಾ ಬಿಚ್ಚಿ ಕಟ್ಟಲು ಬೇರೆಯವರು ಹೇಳಿದ್ದ ರೊಕ್ಕದ ಕಾಲುಭಾಗವೂ ಅಲ್ಲ. ಒಂದು ಮಳೆ, ಒಂದು ಬೇಸಿಗೆ ಸುಮ್ಮನೆ ಬಿಟ್ಟು, ಬಿರುಕು ನಡುವಿನ ಅಗಲಕ್ಕೆ ಬರುವ ಎಳ್ಳಮವಾಸಿ ಹೊತ್ತಿಗೆ ಬಾಗುವ ಪುಟ್ಟಿ ತುಂಬಬೇಕು.

ಗರಸಿನ ಬದಲು ಉಸುಕು ಹಾಕುವವರಿದ್ದಾರೆ. ಉಸುಕು ನೀರು ಹಿಡಿದಿಟ್ಟು ಎರಿಗೆ ಕುಡಿಸುತ್ತದೆ. ಬೇಕಾದದ್ದು ಅಂಟುಗುಣ ಇರುವ, ಆದರೆ ಉಬ್ಬದ ಮಣ್ಣು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಇದನ್ನೇ ವಿಧಾನ ಮಾಡಿದರು, ನಮ್ಮ ಮಲಪ್ರಭಾ ಕಾಲುವೆಗೂ ಅದು ಬಂತು.

ಮಣ್ಣಿನ ಗುಣ ನೋಡಲು ಚಿಮಣಿ ಎಣ್ಣೆಯ ಪರೀಕ್ಷೆ ಸಾಕು. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು ಹತ್ತು ಹತ್ತು ಗ್ರಾಂ, 100 ಮಿಲಿಯ ಎರಡು ಜಾಡಿ. ಒಂದರಲ್ಲಿ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ ಎಣ್ಣೆ. ಗುಳ್ಳೆ ಬಿಡಿಸಿ 24 ತಾಸು ಇಡಿ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿ, ನೀರಲ್ಲಿ 18 ಬಂದರೆ ಉಬ್ಬು ನೂರಕ್ಕೆ 80. ಐವತ್ತು ದಾಟಿದರೇ ಅತಿ ಕೆಟ್ಟದ್ದು. ಅದೇ ಮಣ್ಣಿಗೆ ನೂರಕ್ಕೆ ಐದರಷ್ಟು ಅರಳಿದ ಸುಣ್ಣ ಕಲಸಿ ವಾರ ಬಿಟ್ಟು ನೋಡಿದೆ; ಉಬ್ಬು ಅರ್ಧಕ್ಕಿಂತ ಕೆಳಗೆ ಬಂತು. ಮನೆಯ ಸುತ್ತ ಪೂರ್ತಿ ಹಾಗೆ ಕಲಸಲು ಕೂಲಿ ಪೂರೈಸುವುದಿಲ್ಲ, ತುಳಸಿಕಟ್ಟೆಗೆ ಸರಿ.

ಊದುವುದು ಬೇರೆ. ಗಿಲಾವ್ ಮೇಲೆ ನಾಣ್ಯದಿಂದ ಬಡಿದರೆ ಟೊಳ್ಳು ಸದ್ದು. ಸವಳು ನೀರು ಗೋಡೆ ಏರಿ, ಒಣಗುವಾಗ ಉಪ್ಪು ಗಿಲಾವನ್ನು ಹೊರಗೆ ನೂಕುತ್ತದೆ. ತೇವದ ಗೆರೆಗಿಂತ ಒಂದಡಿ ಮೇಲಿನತನಕ ಕೆತ್ತಿ, ಸಂದು ಅರ್ಧ ಇಂಚು ಕೆದರಿ, ಉಪ್ಪನ್ನು ಒಣ ಬ್ರಶ್ಶಿನಿಂದ ತೆಗೆಯಿರಿ. ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ. ಮೇಲೆ ಸುಣ್ಣದ ಗಿಲಾವೇ ಆಗಬೇಕು. ಗಿಲಾವಿನ ಮೊದಲ ಪದರಿಗೆ ನಾನು ಏನು ಬೆರೆಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ಸುಣ್ಣ ಗೋಡೆಯ ಮೇಲೆ ಅರಳಿ ಚಿಪ್ಪು ಹಾರಿದರೆ ತೊಟ್ಟಿಯಲ್ಲಿ ಅರಳಿಸುವಾಗ ಆತುರ ಮಾಡಿದ್ದಾರೆ ಅಂತಲೇ. ಜರಡಿ ಹಿಡಿದು ಹದಿನೈದು ದಿನವಾದರೂ ಕೊಳೆಹಾಕಿ. ಬಾತ ಬಾಗಿಲನ್ನು ಮಳೆಗಾಲದಲ್ಲಿ ಹತ್ತರಿ ಹೊಡೆಸಬೇಡಿ, ಬೇಸಿಗೆಗೆ ಬೆರಳು ತೂರುತ್ತದೆ; ಮೇಲಿನ, ಕೆಳಗಿನ ಅಂಚಿಗೆ ಬಣ್ಣ ಬಳಿದಿಲ್ಲದಿರುವುದೇ ಮೂಲ.

ಹಿಗ್ಗುವುದು ಸ್ಲ್ಯಾಬು. ಹತ್ತು ಮೀಟರ್ ಸ್ಲ್ಯಾಬು 30 ಡಿಗ್ರಿ ಏರಿದರೆ ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಮೇಲಿನ ಅಂತಸ್ತಿನಲ್ಲಷ್ಟೇ, ಸ್ಲ್ಯಾಬಿನ ಕೆಳಗೆ ಅಡ್ಡಗೆರೆ ಬಿದ್ದರೆ ಪಾಯಾ ಅಗೆಯಬೇಡಿ. ಮಾಳಿಗೆಗೆ ಬಿಳಿ ಸುಣ್ಣ ಬಳಿಸಿ, ಗೆರೆಯನ್ನು ಚೊಕ್ಕ ತೋಡಾಗಿ ಕೊರೆದು ಬಿಡಿ.

ಹೊಸದಾಗಿ ಕಟ್ಟುವವರು ಬುಡಕ್ಕೆ ಗೆಡ್ಡೆಯಿರುವ ಅಂಡರ್-ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿದರೆ, ಗೆಡ್ಡೆ ಕಂಬದ ಎರಡೂವರೆ ಪಟ್ಟು ಅಗಲ, ಆಳ ಮೂರೂವರೆ ಮೀಟರ್ ಆಸುಪಾಸು. ಪೈಲ್ ಮೇಲಿನ ತೊಲೆ ನೆಲದಿಂದ 80 ಮಿಲಿಮೀಟರ್ ಆದರೂ ಮೇಲಿರಬೇಕು. ಇಲಿ ಹೊಕ್ಕಾವು ಅಂತ ಆ ಸಂದಿಗೆ ಮಣ್ಣು ತುಂಬಿಸಿದರೆ ಮಣ್ಣು ಉಬ್ಬಿ ತೊಲೆಯನ್ನೇ ಎತ್ತುತ್ತದೆ. ಇಲಿಗೆ ಅಂತ ತೊಲೆಯ ಹೊರಮೈಗೆ ಫರಶಿ ಪಟ್ಟಿ ನಿಲ್ಲಿಸಿ, ಪಟ್ಟಿ ತೊಲೆಯ ತಳದಡಿಗೆ ಮಾತ್ರ ಹೋಗದಿರಲಿ.